ಪೂಜೆಗೆ ಕುಂತವರು

ಹೊಸಪೇಟೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವ ಜನರನ್ನು ಕಂಡರೆ ಆಗ ನನಗೆ ಮೈಯುರಿಯುತ್ತಿತ್ತು. ಗದಗಿನ ಗಾಡಿ ಇಳಿದವರು ಕೊಟ್ಟೂರಿನ ಗಾಡಿ ಹತ್ತಲು ಗಂಟುಮೂಟೆ ಎಳೆದುಕೊಂಡು ಎದ್ದುಬಿದ್ದು ಓಡುವರು. ಅವರನ್ನು ತಡೆದು ಸಾಲಾಗಿ ನಿಲ್ಲಿಸುವುದೇ ನನ್ನ ಕೆಲಸ. ಅದು ಪ್ಲೇಗಿನ ಕಾಲ. ಕೊಟ್ಟೂರಿಗೆ ರೈಲು ಬಿಟ್ಟು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮದರಾಸಿನಿಂದ ಬಂದ ಡಾಕ್ಟರು ಒಬ್ಬೊಬ್ಬರ ಕಂಕುಳು ಮುಟ್ಟಿ, ಗಡ್ಡೆ ಇಲ್ಲವೆಂದು ಚೀಟಿ ಕೊಟ್ಟ ಮೇಲೆಯೇ ಎರಡನೇ ಗಾಡಿ. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಜನರನ್ನು ಬೈಯಲಿಕ್ಕೂ ರಮಿಸಲಿಕ್ಕೂ ನಾನೇ ಬೇಕು. ಪ್ಲೇಗಿನ ಜಡೆಪ್ಪ ಎಂದೇ ಊರೆಲ್ಲ ನನ್ನನ್ನು ಕರೆಯುತ್ತಿತ್ತು.

ಗಡ್ಡೆ ಸಿಕ್ಕವರನ್ನು ಕಾಲುವೆಯಾಚೆ ತಟ್ಟಿಗುಡಿಸಲುಗಳ ಕ್ಯಾಂಪಿಗೆ ಒಯ್ಯುತ್ತಿದ್ದರು. ಅಲ್ಲಿ ಸತ್ತವರು, ಗಾಡಿಯಲ್ಲಿ ಸತ್ತವರು ಯಾರೇ ಇರಲಿ, ಸುಡುತ್ತಿದ್ದರು. ನಮ್ಮಲ್ಲಿ ಸುಡುವುದಿಲ್ಲ. ಹಣೆಗೆ ವಿಭೂತಿ ಬಳಿದು, ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟು, ದಿನಾ ಪೂಜೆಗೆ ಕೂರುವ ಹಾಗೆಯೇ ಕೂರಿಸಿ ಮಣ್ಣು ಮಾಡುತ್ತೇವೆ. ನನ್ನ ಅಪ್ಪ ಹಿಂದಿನ ವರ್ಷ ಆ ಕ್ಯಾಂಪಿನಲ್ಲಿ ಸತ್ತ. ಅವನನ್ನು ಅಂಗಾತ ಮಲಗಿಸಿ ಸೀಮೆಎಣ್ಣೆ ಸುರಿದರು. ಹೊಗೆ ಸ್ಟೇಷನ್ನಿನ ತನಕ ಬಂತು. ನಾನು ಅವತ್ತೂ ಸಾಲು ನಿಲ್ಲಿಸುತ್ತಿದ್ದೆ.

ಒಂದು ಮಧ್ಯಾಹ್ನ ಗದಗಿನ ಗಾಡಿಯಿಂದ ಎಲ್ಲರೂ ಇಳಿದರೂ ಒಂದು ಡಬ್ಬಿಯ ಮೂಲೆಯಲ್ಲಿ ಒಬ್ಬ ಮುದುಕ ಕುಳಿತೇ ಇದ್ದ. ಮೈತುಂಬ ಕಂಬಳಿ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಎಡಗೈಯಲ್ಲಿ ಲಿಂಗ. ಪಕ್ಕದಲ್ಲಿ ಹೆಂಡತಿ.

"ಪೂಜಿಗೆ ಕುಂತಾರ, ಮಾತಾಡಸಬ್ಯಾಡ್ರಿ" ಅಂದಳು.

ನಾನು ಕೈಮುಗಿದು ಹಿಂದೆ ಸರಿದೆ. ಪೂಜೆಯಲ್ಲಿರುವವರನ್ನು ಮುಟ್ಟುವುದಿರಲಿ, ಅವರ ಮುಂದೆ ಜೋರಾಗಿ ಕೆಮ್ಮುವುದೂ ನಮ್ಮ ಮನೆಗಳಲ್ಲಿ ಇಲ್ಲ. ಅಷ್ಟರಲ್ಲಿ ಒಂದು ನೊಣ ಮುದುಕನ ಅರೆತೆರೆದ ಕಣ್ಣಿನ ಮೇಲೆ ಕುಳಿತು, ಈ ತುದಿಯಿಂದ ಆ ತುದಿಗೆ ನಡೆಯಿತು. ರೆಪ್ಪೆ ಅಲುಗಲಿಲ್ಲ.

"ಯಾವಾಗ ಹೋದ್ರು?" ಎಂದು ಕೇಳಿದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಕೊಪ್ಪಳ ದಾಟಿದ ಮ್ಯಾಲ. ಅವರ ಅಪ್ಪನ ಮಗ್ಗಲದಾಗ ಹೊಲದಾಗ ಕುಂದ್ರಸ್ತೀನಿ ಅಂತ ಮಾತು ಕೊಟ್ಟೀನಿ. ಸುಡಾಕ ಕೊಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಊರು ಯಾವುದೆಂದು ಕೇಳಿದೆ. ಹೇಳಿದಳು. ಕೊಟ್ಟೂರಿನ ಈಚೆ, ನನ್ನ ಒಬ್ಬಳೇ ಮಗಳನ್ನು ಕೊಟ್ಟ ಊರು. ನಾನು ಹೆಸರು ಹೇಳಿದ್ದೇ ತಡ, ಅವಳ ಮುಖದಲ್ಲಿ ಜೀವ ಬಂತು. "ಬೀಗರ! ನಿಮ್ಮ ಕೊಟ್ರಬಸಮ್ಮ ನಮ್ಮ ಓಣಿ ಸೊಸಿ ಅಲ್ಲೇನ್ರಿ. ನಾನು ಎರ್ರಮ್ಮ. ಇವರು ಮರಿಸ್ವಾಮಿ."

"ಗಡ್ಡಿ ಏನರ ಇತ್ತೇನು? ಖರೇ ಹೇಳು."

"ಇಲ್ರೀ, ದಮ್ಮು. ಹತ್ತು ವರ್ಷದ ದಮ್ಮು" ಎಂದು ತನ್ನ ಕೊರಳ ಲಿಂಗವನ್ನು ಹಿಡಿದು ಆಣೆ ಮಾಡಿದಳು.

ಲಿಂಗ ಹಿಡಿದು ಆಣೆ ಮಾಡಿದ ಮೇಲೆ ಕಂಬಳಿ ಸರಿಸಿ ಕಂಕುಳು ನೋಡಲು ನನಗೆ ನಾಚಿಕೆಯಾಯಿತು. ಸರಕಾರದ ಸಂಬಳ ತಿನ್ನುವವನಿಗೆ ಎಂಥ ನಾಚಿಕೆ! ಆದರೆ ಆಯಿತು. ಇಬ್ಬರೂ ಸೇರಿ ಅವನನ್ನು ಕಂಬಳಿ ಸಮೇತ ಎತ್ತಿ, ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಕೂರಿಸಿದೆವು.

ಡಾಕ್ಟರು ಬಂದರು. "ಇವನು ಯಾಕೆ ಏಳೋದಿಲ್ಲ, ಜಡೆಪ್ಪ?"

"ಶಿವಪೂಜಿ, ಸಾಹೇಬ್ರ. ನಡುವ ಮುಟ್ಟಿದ್ರ ಜನ ಸುಮ್ನ ಇರೂದಿಲ್ಲ. ನಾನ ನೋಡೀನಿ, ಏನೂ ಇಲ್ಲ."

ಹಿಂದಿನ ತಿಂಗಳು ಹೆಂಗಸೊಬ್ಬಳ ರವಿಕೆಗೆ ಕೈಹಾಕಿದ್ದಕ್ಕೆ ಡಾಕ್ಟರಿಗೆ ಕಲ್ಲು ಬಿದ್ದಿತ್ತು. ನನ್ನ ಮುಖ ನೋಡಿದರು, ನಂಬಿದರು, ಚೀಟಿ ಬರೆದರು. ಅವರು ಸಾಲಿನ ಕಡೆ ತಿರುಗಿದಾಗ ನಾವಿಬ್ಬರೂ ಮುದುಕನನ್ನು ಮತ್ತೆ ಎತ್ತಿ ಕೊಟ್ಟೂರಿನ ಗಾಡಿಯಲ್ಲಿ ಕೂರಿಸಿದೆವು. ಗಾಡಿ ಹೋಗುವಾಗ ಎರ್ರಮ್ಮ ಕಿಟಕಿಯಿಂದ ಕೈಮುಗಿದಳು. ಅಪ್ಪನಿಗೆ ಮಾಡಲಾಗದ್ದನ್ನು ಯಾರಿಗೋ ಮಾಡಿದೆ ಎಂದು ನನಗೆ ಹೊಟ್ಟೆ ತುಂಬಿದಂತಾಯಿತು. ಆ ಸಂಜೆ ಹೆಂಡತಿಯ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ.

ಎರಡು ವಾರಕ್ಕೆ ಆ ಊರಿನಲ್ಲಿ ಇಲಿ ಸತ್ತು ಬಿದ್ದ ಸುದ್ದಿ, ಅದರ ಹಿಂದೆಯೇ ಪ್ಲೇಗಿನ ಸುದ್ದಿ ಬಂತು. ಮೊದಲು ಸತ್ತವಳು ಎರ್ರಮ್ಮ, ಆಮೇಲೆ ಮರಿಸ್ವಾಮಿಯನ್ನು ಹೊತ್ತವರು. ಅವಳು ಸುಳ್ಳು ಆಣೆ ಮಾಡಿದಳೋ, ಅವಳಿಗೇ ಗೊತ್ತಿರಲಿಲ್ಲವೋ, ಶಿವನಿಗೇ ಗೊತ್ತು. ಮಗಳ ಊರಿಗೆ ಓಡಬೇಕೆನ್ನಿಸಿತು. ಆದರೆ ಆ ಊರಿಗೆ ಯಾರೂ ಹೋಗದಂತೆ ಸರಕಾರದವರು ತಡೆದಿದ್ದರು. ಕೊಟ್ಟೂರಿನ ಗಾಡಿಯಿಂದ ಇಳಿದವರನ್ನೂ ಮುಟ್ಟಿ ನೋಡಬೇಕೆಂದು ಹುಕುಂ ಬಂತು. ಪ್ರತಿ ಗಾಡಿಯಲ್ಲೂ ಮಗಳ ಮುಖ ಹುಡುಕುತ್ತಿದ್ದೆ.

ಒಂದು ಮುಂಜಾನೆ ಅಳಿಯ ಜಂಬಯ್ಯ ಗಾಡಿಯಿಂದ ಇಳಿದ. ಕೊಟ್ರಬಸಮ್ಮನ ತೋಳು ಹಿಡಿದು ಇಳಿಸಿ, ಅದೇ ಬೇವಿನ ಗಿಡದ ಕೆಳಗೆ, ಅದೇ ಬೆಂಚಿನ ಮೇಲೆ ಕೂರಿಸಿದ. ಅವಳ ಹಣೆಯಲ್ಲಿ ವಿಭೂತಿ, ಎಡಗೈಯಲ್ಲಿ ಲಿಂಗ, ಕಣ್ಣು ಮುಚ್ಚಿತ್ತು. ಲಿಂಗ ಅಂಗೈಯಲ್ಲಿ ನಡುಗುತ್ತಿತ್ತು.

ಜಂಬಯ್ಯ ನನ್ನ ಕಿವಿಯಲ್ಲಿ ಹೇಳಿದ: "ಪೂಜಿಗೆ ಕುಂತವರನ್ನ ನೀವು ಮುಟ್ಟಸೂದಿಲ್ಲಂತ ಎರ್ರಮ್ಮ ಊರೆಲ್ಲ ಹೇಳಿ ಸತ್ಲು, ಮಾವಾರ. ನಿನ್ನಿ ರಾತ್ರಿಯಿಂದ ಜ್ವರ. ಮನಿಗೆ ಕರಕೊಂಡು ಹೋಗ್ರಿ, ತಾಯಿ ಕೈಯಾಗ ಆರಾಮ ಆಗ್ತಾಳ."

ನಮ್ಮ ಮನೆ ಚಿತ್ತವಾಡ್ಗಿಯಲ್ಲಿ, ಸ್ಟೇಷನ್ನಿಂದ ಕೂಗಳತೆ. ಗೋಡೆಗೆ ಗೋಡೆ ಹತ್ತಿದ ಓಣಿ. ಎಡಕ್ಕೆ ಬಾಣಂತಿ, ಬಲಕ್ಕೆ ಐದು ಮಕ್ಕಳ ಮನೆ. ಡಾಕ್ಟರು ಆಗಲೇ ದೂರದಿಂದ ನೋಡಿ, "ಪೂಜೆಯಾ?" ಎಂದು ಚೀಟಿಗೆ ಕೈಹಾಕಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು. ಹೂಂ ಅನ್ನುವುದೂ ಬೇಕಿರಲಿಲ್ಲ.

"ಮುಟ್ರಿ ಸಾಹೇಬ್ರ" ಅಂದೆ. "ಪೂಜಿ ಅಲ್ಲ."

ಕೊಟ್ರಬಸಮ್ಮ ಕಣ್ಣು ಬಿಟ್ಟಳು. ನನ್ನನ್ನೇ ನೋಡಿದಳು. "ಯಪ್ಪಾ, ನಾನು ಅಲುಗಾಡಲಿಲ್ಲಲ್ಲ" ಅಂದಳು.

ಗಡ್ಡೆ ಇತ್ತು. ಕ್ಯಾಂಪಿನ ಬಾಗಿಲ ತನಕ ನಾನೇ ಎತ್ತಿಕೊಂಡು ಹೋದೆ. ಒಳಗೆ ಹೋಗುವ ಮುಂಚೆ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟು, "ಇಲ್ಲಿ ಸುಡತಾರಂತ, ಇದನ್ನ ಕೊಡಬ್ಯಾಡ" ಅಂದಳು. ಮೂರನೇ ದಿನ ಹೊಗೆ ಬಂತು. ನಾನು ಸಾಲು ನಿಲ್ಲಿಸುತ್ತಿದ್ದೆ.

ನನ್ನ ಓಣಿಯಲ್ಲಿ ಆ ವರ್ಷ ಒಬ್ಬರೂ ಸಾಯಲಿಲ್ಲ. ಅದಕ್ಕಾಗಿ ಯಾರೂ ನನ್ನನ್ನು ಹೊಗಳಲೂ ಇಲ್ಲ, ನನ್ನ ಹೆಂಡತಿ ನನ್ನ ಜೊತೆ ಮಾತಾಡಲೂ ಇಲ್ಲ. ಮಣ್ಣಿಗೆ ಹೋಗಬೇಕಾಗಿದ್ದ ಲಿಂಗ ಈಗಲೂ ನನ್ನ ಕೊರಳಲ್ಲಿ ನನ್ನದರ ಜೊತೆಗೇ ಇದೆ. ನಾನು ಸತ್ತಾಗ ಎರಡನ್ನೂ ಒಂದೇ ಅಂಗೈಯಲ್ಲಿಟ್ಟು ಕೂರಿಸಿರೆಂದು ಓಣಿಯವರಿಗೆ ಹೇಳಿದ್ದೇನೆ.