ಕಡಲ ಎಮ್ಮೆಯ ಹಾಲು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ ಒಂದು ಎಮ್ಮೆ ಇತ್ತಂತೆ. ಅದರ ಕರು ಮಂಜಿನಲ್ಲಿ ತಪ್ಪಿಸಿಕೊಂಡಿತು. ಕರುವನ್ನು ಹುಡುಕುತ್ತ ಹುಡುಕುತ್ತ ಎಮ್ಮೆ ಬೆಟ್ಟ ಇಳಿಯಿತು, ಕಾಡು ಇಳಿಯಿತು, ಇಳಿಯಲು ನೆಲವೇ ಉಳಿಯದ ಕಡೆ ಬಂದು ಮಲಗಿತು. ಕೆಚ್ಚಲು ಬಿರಿಯುತ್ತಿತ್ತು, ಕುಡಿಯುವ ಬಾಯಿ ಇರಲಿಲ್ಲ. ಹಾಲು ಕಣ್ಣೀರಿನೊಡನೆ ಕೂಡಿ ಉಪ್ಪಾಯಿತು. ಜನ ಅದನ್ನೇ ಕಡಲು ಎಂದು ಕರೆದರು.

“ಆ ಹಾಲು ಕುಡಿದ ಹಿಂಡಿಗೆ ರೋಗ ತಟ್ಟದು” ಎನ್ನುತ್ತಿದ್ದಳು ಲಿಂಗಿಯ ಅಜ್ಜಿ ಚಿನ್ನಿ ಹೆತ್ತೆ. “ಆದರ ಹಾಲು ಕರೆಯಲು ಹೋದವನು ಅದಕ್ಕ ಬೆನ್ನು ತೋರಬಾರದು. ಎಮ್ಮೆ ಮೆಲುಕು ನಿಲ್ಲಿಸಿ ಸುಮ್ಮನಾದ ಕಡೆ ನಿಲ್ಲಬಾರದು, ಒದೆ ಬರುವುದು ಅಲ್ಲಿಂದಲೇ. ಕೊಂಬಿಗೆ ಸಿಕ್ಕಿದರ ಎದುರು ಜಗ್ಗಬಾರದು ಕೂಸೆ, ಪಕ್ಕೆಗೆ ಜಾರಬೇಕು.”

ಮಂಜೂರಿನ ಮೇಲಿನ ನೇರಳಹಟ್ಟಿಯಲ್ಲಿ ಕಡಲು ಕಂಡವರು ಒಬ್ಬರೂ ಇರಲಿಲ್ಲ. ಹೆತ್ತೆಯೂ ಕಂಡವಳಲ್ಲ. ಅವಳಿಗೆ ಆ ಕತೆ ಅವಳ ಹೆತ್ತೆಯಿಂದ ಬಂದದ್ದು. ಲಿಂಗಿ ಮಾತ್ರ ದೊಡ್ಡವಳಾದ ಮೇಲೂ, ಬೆಳಗಿನ ಮಂಜು ಕಣಿವೆ ತುಂಬಿದಾಗಲೆಲ್ಲ ಕೆಲಸ ಬಿಟ್ಟು ನಿಂತು, ಅದರಾಚೆ ಮಲಗಿರುವ ಎಮ್ಮೆಯ ಉಸಿರಿಗೆ ಕಿವಿಗೊಡುತ್ತಿದ್ದಳು.

ಊಟಿಗೆ ಇನ್ನೂ ರೈಲು ಬಾರದ ಆ ದಿನಗಳಲ್ಲಿ ದನಗಳಿಗೆ ದೊಡ್ಡ ರೋಗ ಬಂತು. ಬಾಯಲ್ಲಿ ನೊರೆ, ಮೂಗಲ್ಲಿ ರಕ್ತ. ಕಾಲು ಮಡಚಿ ಬಿದ್ದ ಎಮ್ಮೆಗಳು ಕೂಗಿ ಕೂಗಿ ಸಾಯುವುದನ್ನು ನೋಡಲಾರದೆ ಲಿಂಗಿಯ ಅಣ್ಣ ಮಹಾಲಿಂಗಂ ಕೊಡಲಿ ಹಿಡಿದು ಒಂದೊಂದರ ನೆತ್ತಿಗೂ ತಾನೇ ಹೊಡೆದ. ಕೊನೆಗೆ ಮೈಯೆಲ್ಲ ನೆತ್ತರಾಗಿ ಬಾಗಿಲಲ್ಲಿ ಕೂತ. ಮುದಿ ಎಮ್ಮೆ ಕಪ್ಪಿ ಮತ್ತು ಅದರ ಸಂತಾನದ ನಾಲ್ಕಾರು ತಲೆ ಮಾತ್ರ ಉಳಿದವು.

ಅದೇ ವಾರ ಹೆತ್ತೆ ಹಾಸಿಗೆ ಹಿಡಿದಳು. ಸಾಯುವ ಮುಂಚೆ ಅಣ್ಣತಂಗಿಯರ ಕೈ ಹಿಡಿದು ಮಾತು ತೆಗೆದುಕೊಂಡಳು. ಹೊಸ ಹುಲ್ಲು ಚಿಗುರಿದಾಗ ಹಟ್ಟಿಯವರು ಜೇಡಿಮಣ್ಣಿನಲ್ಲಿ ಗುಂಡಿ ತೋಡಿ ಹಿಂಡಿಗೆ ಉಪ್ಪುನೀರು ಕುಡಿಸುವ ಹಬ್ಬವುಂಟು. ಎಲ್ಲರೂ ಗೂಡಲೂರು ಸಂತೆಯ ಉಪ್ಪನ್ನೇ ಕಲಸುತ್ತಿದ್ದರು. ಈ ಸಲ ಕಪ್ಪಿಯ ಗುಂಡಿಗೆ ಕಡಲ ಎಮ್ಮೆಯ ಹಾಲನ್ನೇ ಹೊಯ್ಯಬೇಕು ಎಂಬುದೇ ಆ ಮಾತು.

“ಅಂಡೆ ಅವನ ಕೈಲಿ, ಕತೆ ನಿನ್ನ ಬಾಯಲಿ. ಇಬ್ಬರೂ ಹೋಗಿ” ಎಂದಳು.

ಅಂಡೆಯನ್ನು ಗಂಡಸೇ ಹಿಡಿಯಬೇಕಿತ್ತು. ಎಮ್ಮೆ ಕರೆಯುವ ಬಿದಿರಂಡೆಯನ್ನು ಆ ಹಟ್ಟಿಯ ಹೆಂಗಸರು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಹಿಂಡಿನ ಹಾಲು ಬತ್ತುತ್ತದೆ ಎಂಬುದು ಹುಟ್ಟಿದ ಮಗುವಿಗೂ ಗೊತ್ತು.

ಗೂಡಲೂರಿನಲ್ಲಿ ಒಣಮೀನು ಮಾರುವ ಚಾತ್ತು ಅವರನ್ನು ಘಟ್ಟ ಇಳಿಸಿ ಕಲ್ಲಿಕೋಟೆಯ ಕಡೆಗಿನ ತನ್ನ ಕರಾವಳಿಗೆ ಕರೆದೊಯ್ದ. ಸಂತೆಯಲ್ಲಿ ತಿರುಗಿ ತಿರುಗಿ ಅವನಿಗೆ ಬೆಟ್ಟದ ಮಾತು ಅರ್ಧಮರ್ಧ ಬರುತ್ತಿತ್ತು. ತೆಂಗಿನ ತೋಪು ದಾಟಿದ್ದೇ ಲಿಂಗಿ ನಿಂತುಬಿಟ್ಟಳು. ಹೆತ್ತೆ ಸುಳ್ಳು ಹೇಳಿರಲಿಲ್ಲ. ಅದು ಮಲಗಿತ್ತು, ಉಸಿರಾಡುತ್ತಿತ್ತು, ಕೊಂಬು ಕೊಂಬಾಗಿ ಎದ್ದು ನೆಲಕ್ಕೆ ಹಾಯುತ್ತಿತ್ತು.

ದಡದಲ್ಲಿ ಒಂದು ಹುಟ್ಟನ್ನು ಮರಳಿಗೆ ನೆಟ್ಟು ತುದಿಗೆ ಹರಿದ ಕೆಂಪು ಬಟ್ಟೆ ಕಟ್ಟಿದ್ದರು. ದೋಣಿಗಳೆಲ್ಲ ನೀರಿಗಿಳಿಯದೆ ದಡದ ಮೇಲೆ ಬಿದ್ದಿದ್ದವು.

“ಇನ್ನು ವೇಂಡ, ಇವತ್ತು ಬೇಡ” ಎಂದ ಚಾತ್ತು. “ಈ ಬಟ್ಟೆ ಕಂಡರ ನಾವೇ ಇಳಿಯುವುದಿಲ್ಲ. ನಾಳೆ ನೋಡುವ.”

“ಅಂಡೆ ತುಂಬುವಷ್ಟು ನೀರಿಗೆ ನಾಳೆ ಏನ?” ಮಹಾಲಿಂಗಂ ನಕ್ಕ. “ಕುಂದೆ ಹೊಳೆ ಉಕ್ಕಿದಾಗ ಎಮ್ಮೆಬಾಲ ಹಿಡಿದು ದಾಟಿದವ ನಾ. ನೀ ಮೀನು ಮಾರು, ಮಾವ.”

“ಹೊಳೆ ಒಂದು ಕಡೆ ಓಡ್ತದೆ, ಮೋನೆ. ಇದು ಎರಡು ಕಡೆ ಓಡ್ತದೆ.”

“ಸರಿ, ದಡದಲ್ಲೇ ಮೊಗೆ” ಎಂದಳು ಲಿಂಗಿ.

“ಮರಳು ಕಲಕಿದ ಕೊಳೆನೀರ ಹೆತ್ತೆಗ ಕೊಡಲಾ?” ಅವನು ಉದ್ದಕ್ಕೂ ಕಣ್ಣು ಹಾಯಿಸಿದ. ಎಲ್ಲೆಲ್ಲೂ ಅಲೆ ಒಡೆದು ಬೆಳ್ಳಗೆ ಕುದಿಯುತ್ತಿತ್ತು. ಒಂದೇ ಒಂದು ಕಡೆ, ಗಾಡಿದಾರಿಯಷ್ಟು ಅಗಲ, ಅಲೆಯೇ ಇಲ್ಲದೆ ನೀರು ನುಣ್ಣಗಿತ್ತು. ಬೆಟ್ಟದ ಹೊಳೆಯಲ್ಲಿ ನೊರೆ ಇದ್ದಲ್ಲಿ ಬಂಡೆ, ನುಣುಪಿದ್ದಲ್ಲಿ ಕಾಲಿಟ್ಟು ದಾಟುವ ಕಡವು. ಅವನು ಕೈ ಚಾಚಿದ. “ಅಗೋ, ಕಡವು! ಅಲ್ಲಿ ಇಳಿದರ ಒಳಗಿನ ತಿಳಿನೀರು ಸಿಕ್ಕುತ್ತದ.”

ಲಿಂಗಿಗೆ ಹೆತ್ತೆಯ ಮಾತು ನೆನಪಾಯಿತು. ಮೆಲುಕು ನಿಲ್ಲಿಸಿ ಸುಮ್ಮನಾದ ಕಡೆ!

“ಅಣ್ಣ, ಅಲ್ಲಿ ಬ್ಯಾಡ. ಒದೆ ಬರುವುದು ಅಲ್ಲಿಂದಲೇ!” ಅವನ ತೋಳಿಗೆ ಜೋತುಬಿದ್ದಳು.

“ಕತೆ ಬಿಡು!”

“ಬಿಡೆ. ನೀ ಹೋದರ—”

ಕೆನ್ನೆಗೆ ಏಟು ಬಿತ್ತು. ತುಟಿ ಸೀಳಿ ಬಾಯಿಗೆ ರಕ್ತ ಬಂತು. ಅವಳು ಮರಳಲ್ಲಿ ಬಿದ್ದು ಏಳುವಷ್ಟರಲ್ಲಿ ಅಣ್ಣ ಆ ನುಣುಪಿನಲ್ಲಿ ಸೊಂಟದವರೆಗೆ ಇಳಿದಿದ್ದ. ಅಂಡೆ ಅದ್ದಿದವನು ತಿರುಗಿ, ಕಡಲಿಗೆ ಬೆನ್ನು ಹಾಕಿ, ತಂಗಿಯ ಕಡೆ ನೋಡಿ ನಕ್ಕ.

ಆ ನಗು ಮುಗಿಯಲಿಲ್ಲ. ಕಾಲ ಕೆಳಗಿನ ಮರಳು ಸರ್ರನೆ ಜಾರಿತು. ಯಾರೋ ಹಗ್ಗ ಕಟ್ಟಿ ಎಳೆದಂತೆ ನೀರು ಅವನನ್ನು ಒಳಕ್ಕೆ ಒಯ್ದಿತು. ಅಂಡೆ ಕೈತಪ್ಪಿತು. ಅವನು ದಡಕ್ಕೆ ನೇರ ಎದುರಾಗಿ ಕೈ ಬಡಿದ. ಬಡಿದಷ್ಟೂ ದೂರವಾದ.

“ಎದುರು ಜಗ್ಗಬ್ಯಾಡ! ಪಕ್ಕೆಗೆ ಜಾರು, ಪಕ್ಕೆಗೆ!” ಲಿಂಗಿ ಗಂಟಲು ಹರಿಯುವಂತೆ ಚೀರಿದಳು.

ಚಾತ್ತು ಬೈಯುತ್ತಲೇ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ದಡದ ಬೆಸ್ತರ ಕೈಗೆ ಎಸೆದು ಹಾರಿದ. ಅವನು ಮುಟ್ಟಿದ್ದೇ ತಡ, ಮಹಾಲಿಂಗಂ ಹುಚ್ಚನಂತೆ ಅವನ ಹೆಗಲೇರಿ ತಲೆಯನ್ನು ನೀರಿಗೆ ಅದುಮಿದ. ಚಾತ್ತು ಮುಳುಗಿದ, ಎದ್ದ, ಮತ್ತೆ ಮುಳುಗಿದ. ಎರಡನೆಯ ಸಲ ಎದ್ದವನು ಮುಷ್ಟಿ ಬಿಗಿದು ಅವನ ಮೂಗಿಗೇ ಗುದ್ದಿದ. ರಕ್ತ ಚಿಮ್ಮಿತು. ಹಿಡಿತ ಸಡಿಲಾಯಿತು. ಚಾತ್ತು ಅವನ ಜುಟ್ಟು ಹಿಡಿದು ಅಡ್ಡಡ್ಡಕ್ಕೆ, ಪಕ್ಕೆಗೆ, ಅಲೆ ಒಡೆಯುವ ಕಡೆಗೆ ಈಜಿದ. ಅಲ್ಲಿಂದ ಒಂದು ದೊಡ್ಡ ಅಲೆ ಇಬ್ಬರನ್ನೂ ಎತ್ತಿ ದಡದಂಚಿನ ದೋಣಿಯೊಂದರ ಮೂತಿಗೆ ಅಪ್ಪಳಿಸಿತು. ಮರ ಮುರಿದಂಥ ಸದ್ದಾಯಿತು. ಮುರಿದದ್ದು ಮರವಲ್ಲ.

ಮಹಾಲಿಂಗಂನ ಬಲಗೈ ಮೊಣಕೈಯಿಂದ ಕೆಳಗೆ ಜಜ್ಜಿಹೋಗಿತ್ತು. ಎಲುಬು ಬೆಳ್ಳಗೆ ಹೊರಬಂದಿತ್ತು. ಉಪ್ಪುನೀರು ಕಾರುತ್ತ, ಗೋಳಿಡುತ್ತ ಅವನು ಕೈಯನ್ನೇ ನೋಡಿದ. ಎಮ್ಮೆ ಕರೆಯುವ ಕೈ ಅದು. ಮನೆಯಲ್ಲಿ ಬೇರೆ ಗಂಡಸು ಇರಲಿಲ್ಲ.

“ಮುಗಿಯಿತು. ಹೆತ್ತೆಯ ಮಾತು ನೀರಾಯಿತು” ಎಂದ.

ಅಂಡೆ ಅಲೆಯ ಅಂಚಿನಲ್ಲಿ ಉರುಳಾಡುತ್ತಿತ್ತು. ಲಿಂಗಿ ಎದ್ದಳು.

“ಮುಟ್ಟಬ್ಯಾಡ!” ಆ ನೋವಿನಲ್ಲೂ ಅಣ್ಣ ಅರಚಿದ. “ಹಾಲು ಬತ್ತುತ್ತದ!”

“ಬತ್ತಲು ಈಗ ಎಲ್ಲಿ ಉಂಟು, ಅಣ್ಣ?”

ನುಣುಪಿನಿಂದ ದೂರ, ಅಲೆ ಒಡೆದು ಹರಡುವ ಕಡೆ, ಕಡಲಿಗೆ ಮುಖಕೊಟ್ಟು ಅವಳು ಮೊಣಕಾಲವರೆಗೆ ನಿಂತಳು. ಒಂದು ಅಲೆ ಎದೆಗೇ ಗುದ್ದಿತು. ಕಾಲು ಅಗಲಿಸಿ ಪಕ್ಕಕ್ಕೆ ತಿರುಗಿ ತಡೆದಳು. ಅಂಡೆ ತುಂಬಿತು. ಬೆನ್ನು ತೋರದೆ, ಹಿಂದಕ್ಕೆ ಹೆಜ್ಜೆ ಇಡುತ್ತಲೇ ದಡಕ್ಕೆ ಬಂದಳು. ಒಡೆದ ತುಟಿಗೆ ಉಪ್ಪು ಕಚ್ಚಿ ಕಣ್ಣಲ್ಲಿ ನೀರು ಬಂತು.

ಅವರು ಹಟ್ಟಿ ಸೇರುವ ಹೊತ್ತಿಗೆ ಗುಂಡಿಗಳು ತೋಡಿ ಮುಗಿದಿದ್ದವು. ಹಟ್ಟಿಯ ಹಿರಿಯ, ಅವರ ದೊಡ್ಡಪ್ಪ ಧರ್ಮಲಿಂಗಂ ಕೋಲೂರಿ ನಿಂತಿದ್ದ. ಕರಾವಳಿಯ ಆಸ್ಪತ್ರೆಯಲ್ಲಿ ಮೊಣಕೈಗೆ ಕತ್ತರಿಸಿ ಕಟ್ಟು ಹಾಕಿದ್ದ ಮಹಾಲಿಂಗಂನ ಮೋಟು ತೋಳನ್ನು ನೋಡಿದ, ಆಮೇಲೆ ಲಿಂಗಿಯ ಕಂಕುಳಲ್ಲಿದ್ದ ಅಂಡೆಯನ್ನು.

“ತುಂಬಿದ್ದು ಯಾರ?”

“ನಾನು, ದೊಡ್ಡಪ್ಪ.”

“ಉಳಿದ ನಾಲ್ಕು ಎಮ್ಮೆಯನ್ನೂ ಕೊಲ್ಲಲು ಬಂದೆಯಾ, ರಂಡೆ? ಚೆಲ್ಲು ಅದನ್ನ!”

“ಹೆತ್ತೆಗ ಮಾತು ಕೊಟ್ಟಿರುವೆ. ನಾ ಚೆಲ್ಲೆ.”

ಕೋಲು ಹೆಗಲಿಗೆ ಬಿತ್ತು. ಇನ್ನೊಂದು ಏಟು ಬೆನ್ನಿಗೆ. ಲಿಂಗಿ ಅಂಡೆಯ ಮೇಲೆ ಮೈ ಬಾಗಿಸಿ ಕೂತಳು. ಮೂರನೆಯದು ತಲೆಗೆ ಬೀಳುವ ಮೊದಲು ಮಹಾಲಿಂಗಂ ನುಗ್ಗಿ ಆ ಏಟನ್ನು ಮೋಟು ತೋಳಿಗೇ ತೆಗೆದುಕೊಂಡ. ಪ್ರಾಣ ಹೋಗುವಂಥ ಕೂಗು ಹೊರಟಿತು. ಕೂಗುತ್ತಲೇ ತಲೆ ತಗ್ಗಿಸಿ, ಹೋರಿಯಂತೆ ಮುದುಕನ ಹೊಟ್ಟೆಗೆ ಹಾಯ್ದ. ಇಬ್ಬರೂ ಜೇಡಿಮಣ್ಣಿಗೆ ಉರುಳಿದರು.

“ಎನ್ನ ಕೈ ಕಡಲು ತಿಂದಿತು!” ದೊಡ್ಡಪ್ಪನ ಎದೆಯೇರಿ ಅವನು ಬೊಬ್ಬಿಟ್ಟ. “ಇನ್ನು ಅವಳ ಕೈಯೇ ಎನ್ನ ಕೈ. ಬೇಕಾದರ ಅದನ್ನೂ ಮುರಿ, ಮೊದಲು ಎನ್ನ ಕೊಂದು! ನೀ ಹೊಯ್ಯಿ, ಲಿಂಗಿ!”

ಲಿಂಗಿ ಎದ್ದು ಬಿರಡೆ ಕಿತ್ತಳು. ಕಡಲಿನ ವಾಸನೆ ಗಾಳಿಗೆ ಏರಿದ್ದೇ, ಬೇಲಿಯಾಚೆ ಕಪ್ಪಿ ಮೂಗು ಎತ್ತಿತು. ಮರುಗಳಿಗೆ ಬೇಲಿ ಲಟಲಟನೆ ಮುರಿಯಿತು. ಹಿಂಡು ಗುಂಡಿಯತ್ತ ನುಗ್ಗಿತು. ಜನ ಚೆಲ್ಲಾಪಿಲ್ಲಿ ಓಡಿದರು. ಮಣ್ಣಲ್ಲಿ ಬಿದ್ದವರಿಬ್ಬರೂ ಜಗಳ ಮರೆತು, ಒಬ್ಬರನ್ನೊಬ್ಬರು ಎಳೆದುಕೊಂಡೇ ಹೊರಳಿದರು.

ಲಿಂಗಿ ಓಡಲಿಲ್ಲ. ಓಡಿದರೆ ಬೆನ್ನು ತೋರಬೇಕಾಗುತ್ತದೆ. ನುಗ್ಗಿ ಬರುವ ಕೊಂಬುಗಳಿಗೆ ಮುಖಕೊಟ್ಟು, ಅಂಡೆ ಬಗ್ಗಿಸಿ ಹೊಯ್ಯುತ್ತಲೇ ನಿಂತಳು. ಕಪ್ಪಿಯ ಕೊಂಬು ಎದೆಗೆ ಬಂತು. ಅವಳು ಪಕ್ಕೆಗೆ ಜಾರಿದಳು. ಕೊಂಬು ಸೀರೆ ಹರಿದು ಮುಂದೆ ಹೋಯಿತು.

ಕಪ್ಪಿ ಗುಂಡಿಗೆ ಮೂತಿಯಿಟ್ಟಿತು. ಸೊರ್ರೆಂದು ಒಂದು ಗುಟುಕು ಎಳೆಯಿತು, ಮತ್ತೊಂದು ಎಳೆಯಿತು. ಲಿಂಗಿ ಅಂಡೆಯನ್ನು ಬೋರಲು ಹಿಡಿದು ತಟ್ಟಿ ಕೊನೆಯ ಹನಿಯನ್ನೂ ಹೊಯ್ದಳು.