ಧೂಳಿನ ಕಣದ ಬಿಸಿ

ದೊಡ್ಡಬಳ್ಳಾಪುರದ ಲಕ್ಷ್ಮಯ್ಯನ ಮನೆಯಲ್ಲಿ ಅಂದು ಮಗ್ಗ ನಿಂತಿತ್ತು. ಉದ್ದಕ್ಕೆ ಬಿಗಿದ ಎಳೆಗಳ ಹಳೆ ಹಾಸು ಮುಗಿದು ಹೊಸ ಹಾಸು ಬಂದಿತ್ತು. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆದು ಕೂಡಿಸುವುದಕ್ಕೆ ನೇಕಾರರು ಕೆಚ್ಚುವುದು ಅನ್ನುತ್ತಾರೆ. ರೇಷ್ಮೆ ಜಾರುವ ಜಾತಿ, ಬರಿಗೈಲಿ ಹೊಸೆದರೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಲಕ್ಷ್ಮಯ್ಯನ ಹೆಂಡತಿ ಪಾಪಮ್ಮ ಪಕ್ಕದಲ್ಲಿ ಒಲೆಬೂದಿಯ ಬಟ್ಟಲಿಟ್ಟುಕೊಂಡು, ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತ ಒಂದೊಂದೇ ಎಳೆ ಕೆಚ್ಚುತ್ತಿದ್ದಳು. ಕೈ ಕೆಲಸದಲ್ಲಿತ್ತು, ಜೀವ ಅಡುಗೆಮನೆಯ ಬಾಗಿಲಲ್ಲಿತ್ತು.

ಅಲ್ಲಿ ಮಗಳು ಅನುಸೂಯ ಗೋಡೆಗೊರಗಿ ನಿಂತಿದ್ದಳು. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು ಕೆಂಪಗಾಗಿತ್ತು. ಕಾಫಿ ಸರಿಯಿಲ್ಲವೆಂದು ಕುದಿಯುವ ಲೋಟವನ್ನೇ ಎಸೆದವನು ಗಂಡ ಸಂಜೀವಪ್ಪ, ದೇವನಹಳ್ಳಿ ಕಡೆ ವಿಜ್ಞಾನದ ಮೇಷ್ಟ್ರು. ಈಗ ಅವನೇ, ತವರಿಗೆ ಬಂದುಬಿಟ್ಟ ಹೆಂಡತಿಯನ್ನು ಕರೆದೊಯ್ಯಲು ಬಂದು, ಒಗೆದ ಬಿಳಿ ಷರಟು ತೊಟ್ಟು ಚಾಪೆಯ ಮೇಲೆ ಕೂತಿದ್ದ. ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಸಿದ್ಧವಾಗಿದ್ದವು. ತಾಯಿ ಮಡಿಲು ತುಂಬದೆ ಮಗಳು ಗಂಡನ ಮನೆಗೆ ಹೊರಡುವ ಪದ್ಧತಿ ಅವರಲ್ಲಿಲ್ಲ.

ಹಿಂದೆಯೂ ಎರಡು ಸಲ ಹೀಗೆ ಆಗಿತ್ತು. ಆಗೆಲ್ಲ ಪಾಪಮ್ಮ ನಡುವೆ ಬಿದ್ದು, "ತಪ್ಪು ನಂದು, ನಾನೇ ಸರಿಯಾಗಿ ಕಲಿಸ್ಲಿಲ್ಲ" ಎಂದು ಅಳಿಯನ ಸಿಟ್ಟನ್ನು ತನ್ನ ತಲೆಗೆ ಹಾಕಿಕೊಂಡು, ಮಗಳ ಬಾಯಿ ಮುಚ್ಚಿಸಿ ಬಸ್ಸು ಹತ್ತಿಸಿದ್ದಳು. ಈ ಸಲ ಏನು ಹೇಳಬೇಕೆಂದು ಬೆಳಗಿನಿಂದ ಯೋಚಿಸುತ್ತಲೇ ಇದ್ದಳು.

ಸಂಜೀವಪ್ಪ ಅವಳ ಬೆರಳನ್ನೇ ನೋಡುತ್ತಿದ್ದವನು ನಕ್ಕ. "ಅತ್ತೆ, ನೀವು ಮಾಡೋ ಈ ಕೆಲಸ ಆಕಾಶದಲ್ಲೂ ನಡೀತದೆ ಗೊತ್ತಾ?"

"ಅಲ್ಲೂ ನೇಕಾರ್ರು ಅವ್ರಾ? ಪಾಪ, ಅವ್ರಿಗೂ ನೂಲು ಸಿಗ್ತಾ ಇಲ್ಲೇನೋ ಕೇಳಪ್ಪ," ಎಂದ ಲಕ್ಷ್ಮಯ್ಯ. ಅಳಿಯನ ಮುಖದಲ್ಲಿ ನಗು ಕಂಡು ಅವನಿಗೆ ಉಸಿರು ಬಂದಿತ್ತು.

ಸಂಜೀವಪ್ಪನಿಗೆ ಪಾಠ ಹೇಳುವುದೆಂದರೆ ಪ್ರಾಣ. ಆಗ ಅವನಷ್ಟು ಮೆದು ಮನುಷ್ಯ ಇನ್ನೊಬ್ಬನಿಲ್ಲ. ನಕ್ಷತ್ರ ನಕ್ಷತ್ರದ ನಡುವಿನ ಜಾಗ ಬರಿದಲ್ಲ, ಅಲ್ಲಿ ಅನಿಲದ ಮೋಡಗಳಿವೆ ಎಂದ. ಮಳೆಮೋಡದ ಹಾಗಲ್ಲ. ಒಂದು ಚಮಚದಷ್ಟು ಜಾಗದಲ್ಲಿ ಹುಡುಕಿದರೆ ಕೆಲವು ನೂರು ಕಣ ಸಿಕ್ಕರೆ ಹೆಚ್ಚು, ಅಷ್ಟು ತೆಳುವು. ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ. ಹೆಚ್ಚಿನದೆಲ್ಲ ಜಲಜನಕ, ನಡುನಡುವೆ ಹಳೆಯ ನಕ್ಷತ್ರಗಳು ಊದಿಬಿಟ್ಟ ಧೂಳು, ಮಸಿ. ಕಣ್ಣಿಗೆ ಕಾಣದು, ಹಿಂದಿನ ನಕ್ಷತ್ರದ ಬೆಳಕು ಆ ಮೋಡ ದಾಟಿ ಬರುವಾಗ ಅದರ ಬಣ್ಣದಲ್ಲಿ ಸಣ್ಣ ಸಣ್ಣ ಗೆರೆ ಕಳೆದುಹೋಗಿರುತ್ತವೆ, ಅದರಿಂದಲೇ ಗುರುತು.

"ಜಲಜನಕದ ಎರಡು ಕಣ ಅಲ್ಲಿ ಎದುರಾದ್ರೂ ಕೂಡಲ್ಲ ಅತ್ತೆ. ಕೂಡುವಾಗ ಬಿಸಿ ಹುಟ್ತದೆ, ಅದನ್ನ ಬಿಟ್ಟುಕೊಡೋಕೆ ದಾರಿ ಇಲ್ಲ, ಸಿಡಿದು ದೂರ ಹೋಗ್ತವೆ. ಅದೇ ಒಂದು ಧೂಳಿನ ಕಣದ ಮೇಲೆ ಬಂದು ಕೂತ್ರೆ, ಬಿಸೀನ ಧೂಳು ತಗೊಳ್ತದೆ, ಇವೆರಡೂ ಒಂದಾಗಿ ಹೊರಡ್ತವೆ. ನಿಮ್ಮ ಬೂದಿ ಇದ್ದ ಹಾಗೆ." ಅವನು ಹೆಂಡತಿಯ ಕಡೆ ನೋಡದೆ ಹೇಳಿದ, "ನಮ್ಮಿಬ್ಬರ ಮಧ್ಯೆ ನೀವಿರೋ ಹಾಗೆ."

"ಎಷ್ಟು ಚೆಂದಾಗಿ ಹೇಳಿದ್ರು ನೋಡು," ಎಂದ ಲಕ್ಷ್ಮಯ್ಯ.

ಪಾಪಮ್ಮ ಕೆಚ್ಚುತ್ತಲೇ ಕೇಳಿದಳು. "ಕೂಡಿದ್ದು ಹಂಗೇ ಇರ್ತವಾ ಅಳಿಯಂದ್ರೆ?"

"ಎಲ್ಲಿರ್ತವೆ? ತೆಳು ಮೋಡ ಅಲ್ವಾ, ನಕ್ಷತ್ರದ ಬೆಳಕು ನೇರ ಬಡೀತದೆ, ಒಡೆದು ಹೋಗ್ತವೆ. ಮೋಡ ದಟ್ಟ ಇದ್ದು ಒಳಗೆ ಮರೆ ಸಿಕ್ಕಿದ್ರೆ ಮಾತ್ರ ಉಳೀತವೆ."

"ಒಡೆದ್ರೆ?"

"ಮತ್ತೆ ಯಾವ್ದೋ ಧೂಳಿನ ಮೇಲೆ ಕೂಡ್ತವೆ. ಮತ್ತೆ ಒಡೀತವೆ. ನಡೀತಾನೇ ಇರ್ತದೆ."

ಪಾಪಮ್ಮ ಕೆಚ್ಚಿದ ಎಳೆಯನ್ನು ಮೆಲ್ಲಗೆ ಜಗ್ಗಿ ನೋಡಿದಳು. ಎಳೆ ಕಡಿಯಿತು. ಕೂಡಿಸಿದ ಜಾಗದಲ್ಲಲ್ಲ, ಅದರಿಂದ ಒಂದು ಬೆರಳು ಆಚೆ. ಬಣ್ಣದ ಕಡಾಯಿಯಲ್ಲಿ ಕಾವು ಹೆಚ್ಚಾಗಿ ನೂಲು ಬೆಂದಿತ್ತು. ಅವಳ ಕೆಚ್ಚು ಗಟ್ಟಿಯಾಗಿಯೇ ಇತ್ತು, ಎಳೆಯೇ ಲಡ್ಡಾಗಿ ಸತ್ವ ಕಳೆದುಕೊಂಡಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಬಸ್ಸಿನ ಹೊತ್ತಾಯ್ತು. ಮಡಿಲು ತುಂಬೇ," ಎಂದ ಲಕ್ಷ್ಮಯ್ಯ.

ಪಾಪಮ್ಮ ಎದ್ದು, ಬೂದಿಗೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಹೋದಳು. ಮಗಳ ಮುಖ ನೋಡಿ ಕೇಳಿದಳು. "ಅಲ್ಲಿ ನಿಂಗೆ ಮರೆ ಅನ್ನೋದು ಐತೇನವ್ವ?"

ಇದುವರೆಗೆ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಅನುಸೂಯ ಸೆರಗನ್ನು ಸುಟ್ಟ ಕೈಮೇಲೆ ಎಳೆದುಕೊಂಡಳು. "ಇಲ್ಲ ಕಣಮ್ಮ."

ಪಾಪಮ್ಮ ಮೊರ ಎತ್ತಿಕೊಂಡು, ಕೊಬ್ಬರಿ ಬೆಲ್ಲ ಪಕ್ಕಕ್ಕಿಟ್ಟು, ಅಕ್ಕಿಯನ್ನು ತಿರುಗಿ ಮಡಕೆಗೆ ಸುರಿದಳು. ಆ ಸದ್ದಿಗೆ ಇಬ್ಬರು ಗಂಡಸರೂ ತಲೆಯೆತ್ತಿದರು.

"ಏನೇ ಇದು? ಕೇರಿಯೋರು ಏನಂತಾರೆ?" ಎಂದ ಲಕ್ಷ್ಮಯ್ಯ.

"ಬಿಸಿಯೆಲ್ಲ ನಾನೇ ತಗೊಂಡೆ ಅಂದ್ಕೊಂಡಿದ್ದೆ," ಎಂದಳು ಪಾಪಮ್ಮ. "ನೋಡ್ರಿ, ತಗೊಂಡಿರೋದು ಅವಳ ಕೈ."

ಸಂಜೀವಪ್ಪನ ಮುಖ ಬಿಗಿಯಿತು. "ನಾನು ಏನೋ ಉದಾಹರಣೆ ಹೇಳ್ದೆ ಅಷ್ಟೆ, ಅತ್ತೆ."

"ಚೆನ್ನಾಗಿ ಹೇಳ್ಕೊಟ್ರಿ."

"ಇನ್ನೊಂದ್ಸಲ ಕರೆಯೋಕೆ ಬರಲ್ಲ, ನೆನಪಿರ್ಲಿ." ಅವನು ಚಪ್ಪಲಿ ಮೆಟ್ಟಿ ಹೊರಟ. ಲಕ್ಷ್ಮಯ್ಯ ಬೀದಿಯ ತಿರುವಿನವರೆಗೂ ಅವನ ಹಿಂದೆ ಹೋಗಿ, ಒಬ್ಬನೇ ಬಂದು, ಒಳಗೆ ಬಾರದೆ ಕಟ್ಟೆಯ ಮೇಲೆ ಕೂತುಬಿಟ್ಟ.

ಪಾಪಮ್ಮ ಮತ್ತೆ ಮಗ್ಗದ ಮುಂದೆ ಕೂತಳು. ಮಾಡಿದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಬೆಂದ ನೂಲನ್ನು ಗಟ್ಟಿ ಎಳೆ ಸಿಗುವವರೆಗೂ ಕಿತ್ತು ಹಾಕಿ ಹೊಸೆಯಲು ಹೋದಳು. ಬೂದಿಯಿದ್ದರೂ ಎಳೆ ಜಾರಿತು. ಇನ್ನೊಮ್ಮೆ ಜಾರಿತು. ಅನುಸೂಯ ಬಂದು ಎದುರು ಕೂತು, ಸುಟ್ಟಿರದ ಕೈಯಿಂದ ಎಳೆಯ ತುದಿ ಹಿಡಿದು ಅಮ್ಮನ ಕಡೆ ಚಾಚಿದಳು.