ಒಳಮುಖದ ಗುರುತು

ಚನ್ನಗಿರಿಯ ಜಯದೇವಪ್ಪನವರ ಮನೆಯ ಉಪ್ಪಿಟ್ಟು ತಿಂದು ತಿಂದು ಓಬಳಪ್ಪನಿಗೆ ಆ ವಾಸನೆಯೇ ಬೇಡವಾಗಿತ್ತು. ಹದಿನೇಳು ಸೋಮವಾರ ಹೋಗಿದ್ದ, ಹದಿನೇಳು ಸಲ ತಿಂದಿದ್ದ. ಬೈದು ಅಟ್ಟಿದ್ದರೆ ತಿರುಗಿ ಬೈಯಬಹುದಿತ್ತು. ಜಗಲಿಯಲ್ಲಿ ಕೂರಿಸಿ, ತಟ್ಟೆ ಕೊಟ್ಟು, "ಬಿಲ್ ಇನ್ನೂ ಪಾಸಾಗಿಲ್ಲಪ್ಪ, ಮುಂದಿನ ಸೋಮವಾರ ಬಾ" ಅನ್ನುವ ಮನುಷ್ಯನಿಗೆ ಏನಂತ ಬೈಯುವುದು?

ಜಯದೇವಪ್ಪ ಅಡಿಕೆ ವ್ಯಾಪಾರದಿಂದ ಗುತ್ತಿಗೆಗೆ ಇಳಿದವರು. ಒಂದನೇ ದರ್ಜೆ ಲೈಸೆನ್ಸು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ, ದೇವರ ಪಟಗಳ ಪಕ್ಕದಲ್ಲೇ ಕೂತಿತ್ತು. ಆ ಕಾಗದಕ್ಕೆ ಕಲ್ಲು ಒಡೆಯಲು ಬರುವುದಿಲ್ಲವಲ್ಲ, ಅದಕ್ಕೇ ಜಗಳೂರು ಕಡೆಯಿಂದ ಓಬಳಪ್ಪನನ್ನು ಕರೆಸಿದ್ದರು. ಅವನು ಹೆಂಡತಿ ಅಜ್ಜಮ್ಮನನ್ನೂ, ಅವಳ ತಮ್ಮ ಬೀರಲಿಂಗಪ್ಪನನ್ನೂ, ತನ್ನ ಊರಿನ ಇನ್ನೂ ಒಂಬತ್ತು ಜನರನ್ನೂ ಕಟ್ಟಿಕೊಂಡು ಬಂದು, ಸಂತೇಬೆನ್ನೂರಿನ ಹತ್ತಿರದ ಹಳ್ಳಕ್ಕೆ ಸೇತುವೆ ಕಟ್ಟಿದ. ಅದು ಎಪ್ಪತ್ತೊಂಬತ್ತರ ಬೇಸಿಗೆ. ಒಂದು ಸೈಜುಗಲ್ಲಿಗೆ ಒಂದೂಕಾಲು ರೂಪಾಯಿ ಎಂದು ಮಾತಾಗಿತ್ತು. ಬಾಯಿಮಾತು, ಅಷ್ಟೇ.

ಅವರ ಕಸುಬಿನಲ್ಲಿ ಒಂದು ರೂಢಿಯುಂಟು. ಕಲ್ಲು ಕಡಿದವನು ಅದರ ಮೇಲೆ ಉಳಿಯಿಂದ ತನ್ನ ಗುರುತು ಹೊಡೆಯುತ್ತಾನೆ. ಒಬ್ಬನದು ಅಡ್ಡಗೆರೆ, ಒಬ್ಬನದು ಕೊಕ್ಕೆ, ಬೀರಲಿಂಗಪ್ಪನದು ತ್ರಿಶೂಲ. ವಾರಕ್ಕೊಮ್ಮೆ ಗುರುತು ಎಣಿಸಿ ಕೂಲಿ ಹಂಚುತ್ತಾರೆ. ಓದು ಬಾರದವರ ಪುಸ್ತಕ ಅದು. ಮೊದಲ ಎಂಟುನೂರು ಕಲ್ಲು ನೆಲದ ಮೇಲೆ ಇದ್ದಾಗಲೇ ಎಣಿಸಿ ಜಯದೇವಪ್ಪ ಸಾವಿರ ರೂಪಾಯಿ ಕೊಟ್ಟರು. ಕಟ್ಟಡ ಶುರುವಾಗುವ ದಿನ ಬಂದು ಮೂಗು ಮುರಿದರು.

"ಇದೇನಪ್ಪಾ, ಗೀಚಿ ಇಟ್ಟೀರಿ? ಎಂಜಿನಿಯರ್ ಸಾಹೇಬ್ರು ನೋಡಿದ್ರೆ ಒಪ್ಪಲ್ಲ. ಗುರುತೆಲ್ಲ ಒಳಮುಖ ಮಾಡಿ ಕೂರಿಸು."

"ಎಣಿಸಾಕೆ ಹೆಂಗೆ ಸಾವುಕಾರ್ರೆ?"

"ಹೊರಗಡೆ ಕಲ್ಲು ಕಾಣಲ್ವೇನೋ? ಸೇತುವೆ ಎಲ್ಲಿಗೆ ಓಡಿಹೋಗ್ತೈತೆ, ನಾನೆಲ್ಲಿಗೆ ಓಡಿಹೋಗ್ತೀನಿ?"

ಮಳೆ ತಲೆಯ ಮೇಲಿತ್ತು. ಸಾವುಕಾರರ ಎಣಿಕೆಗೆ ಕಾಯದೆ, ಕಡಿದ ಕಲ್ಲನ್ನು ಕಡಿದ ಹಾಗೇ ಕೂರಿಸಿದರು. ಗುರುತೆಲ್ಲ ಗಾರೆಯೊಳಗೆ ಹೋಯಿತು. ಸೇತುವೆ ಮುಗಿದಾಗ ಎರಡು ಸಾವಿರದ ನಾನೂರು ಕಲ್ಲು. ಉಳಿದ ಸಾವಿರದ ಆರುನೂರಕ್ಕೆ ಎರಡು ಸಾವಿರ ರೂಪಾಯಿ ಬರಬೇಕು.

ಆ ದುಡ್ಡು ಓಬಳಪ್ಪನೊಬ್ಬನದಲ್ಲ. ಕರೆತಂದ ಹನ್ನೊಂದು ಜನ ಹಳ್ಳದ ದಂಡೆಯ ಗುಡಿಸಲುಗಳಲ್ಲಿ ಕಾಯುತ್ತಿದ್ದರು. ಹೊಟ್ಟೆಪಾಡಿಗೆ ಉಬ್ರಾಣಿ ಕಡೆ ತೋಟಗಳಿಗೆ ಕೂಲಿ ಹೋಗುತ್ತಿದ್ದರು. ಜನ ಕರೆದೊಯ್ದು ಒಂದು ಸಲ ಕೂಲಿ ಮುಳುಗಿಸಿದ ಮೇಸ್ತ್ರಿಯ ಹಿಂದೆ ಮತ್ತೆ ಯಾರೂ ಬರುವುದಿಲ್ಲ. ಈ ಎರಡು ಸಾವಿರ ಬಾರದಿದ್ದರೆ ಮೇಸ್ತ್ರಿಗಿರಿ ಇಲ್ಲಿಗೇ ಮುಗಿಯಿತು ಎಂದು ಓಬಳಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆ ಭಯಕ್ಕೇ ಅವನು ಉಪ್ಪಿಟ್ಟು ನುಂಗುತ್ತಿದ್ದುದು.

ಹದಿನೇಳನೇ ಸೋಮವಾರ ಎಂಜಿನಿಯರ್ ಕಚೇರಿಯ ಜವಾನ ರಂಗಣ್ಣ ಚಹಾದಂಗಡಿಯಲ್ಲಿ ಸಿಕ್ಕಿ, "ಯಾವ ಬಿಲ್ಲು ಮಾರಾಯ? ನಿಮ್ಮ ಸಾವುಕಾರ್ರು ಚೆಕ್ ತಗೊಂಡು ಎರಡು ತಿಂಗಳಾತು" ಅಂದ. ಓಬಳಪ್ಪ ಅದೇ ಕಾಲಲ್ಲಿ ತಿರುಗಿ ಹೋಗಿ ಕೇಳಿದ. ಜಯದೇವಪ್ಪನವರ ಮುಖ ಒಂದಿಷ್ಟೂ ಕೆಂಪಾಗಲಿಲ್ಲ.

"ನಿಂದು ಎಂಟುನೂರು ಕಲ್ಲು, ಕೊಟ್ಟಾತಲ್ಲ. ಮಿಕ್ಕಿದ್ದು ನ್ಯಾಮತಿಯಿಂದ ಕಡಿಸಿ ತರಿಸಿದ್ದು. ನೀನು ಬರೀ ಕೂರಿಸಿದೆ. ಅದಕ್ಕೆ ಊಟ ಹಾಕಿಲ್ವಾ?"

ನ್ಯಾಮತಿಯ ಒಂದೇ ಒಂದು ಕಲ್ಲು ಆ ಹಳ್ಳದ ಮುಖ ನೋಡಿರಲಿಲ್ಲ. ಓಬಳಪ್ಪ ಜಗಲಿ ಇಳಿದು ನೇರ ಹಿಂದಕ್ಕೆ ಹೊರಟ. ಸಂತೇಬೆನ್ನೂರಿನ ಮಹೇಶ್ವರಪ್ಪನವರು ನ್ಯಾಯ ಹೇಳುವ ಹಿರಿಯರು. ಅವರ ಕಾಲಿಗೆ ಬಿದ್ದ. ಆ ಗುರುವಾರ ಬೆಳಿಗ್ಗೆ ಸೇತುವೆಯ ಮೇಲೇ ಪಂಚಾಯ್ತಿ ಕೂಡಿತು. ಜಯದೇವಪ್ಪ ಜೀಪಿನಲ್ಲಿ ಬಂದಿಳಿದರು.

"ಕಾಗದ ಐತೇನಪ್ಪ?" ಮಹೇಶ್ವರಪ್ಪ ಕೇಳಿದರು.

"ಇಲ್ರೀ. ಗುರುತು ಐತೆ. ಒಂದೊಂದು ಕಲ್ಲಿಗೂ ನಮ್ಮೋರ ಗುರುತು ಐತೆ, ಒಳಗಡೆ."

"ಒಳಗಡೆ ಇದ್ರೆ ನಾನು ಹೆಂಗೆ ನೋಡ್ಲಿ? ಸರ್ಕಾರದ ಸೇತುವೆ ಕೆಡವಾಕೆ ಆಗ್ತೈತಾ?"

ಜನ ನಕ್ಕರು. ಜಯದೇವಪ್ಪನವರೇ ಕೈಯೆತ್ತಿ ಸುಮ್ಮನಾಗಿಸಿದರು. "ಒಂದು ಕಲ್ಲು ತೆಗೀಲಿ ಬಿಡ್ರಿ, ಬಡವನ ಮನಸ್ಸಿಗೂ ಸಮಾಧಾನ ಆಗ್ಲಿ. ತೆಗೆದವನೇ ವಾಪಸ್ ಕೂರಿಸ್ಬೇಕು, ಅಷ್ಟೇ."

ಓಬಳಪ್ಪನಿಗೆ ಆ ಕ್ಷಣ ಜೀವ ಬಂದಂತಾಯಿತು. ಒಂದು ಸಾಕು, ಒಂದು ಗುರುತು ಕಂಡರೆ ಸುಳ್ಳು ಬಯಲಾಗುತ್ತದೆ ಎಂದುಕೊಂಡ. ಎಂಥ ಹುಚ್ಚು ಅದು! ತಡೆಗೋಡೆಯ ಕೊನೆಯ ಕಲ್ಲಿನ ಸಂದಿಗೆ ಉಳಿಯಿಟ್ಟ. ಗಾರೆ ಬಿಡಲಿಲ್ಲ. ತನ್ನದೇ ಕೆಲಸದ ಗಟ್ಟಿತನವನ್ನು ಶಪಿಸುತ್ತ ಒಂದು ಗಂಟೆ ಹೊಡೆದ, ಬೆರಳು ಒಡೆದು ರಕ್ತ ಬಂತು. ಬೀರಲಿಂಗಪ್ಪ ಹಾರೆ ಹಾಕಿದ. ಕಲ್ಲು ಹೊರಳಿ ಬಿತ್ತು. ಅಂಟಿದ ಗಾರೆಯನ್ನು ಉಳಿಯಿಂದ ಕೆರೆದ ಮೇಲೆ ಅಜ್ಜಮ್ಮ ಪುಡಿಯನ್ನು ಸೆರಗಿನಿಂದ ಒರೆಸಿದಳು. ತ್ರಿಶೂಲ ಕಂಡಿತು.

"ನೋಡ್ರಿ! ನನ್ನ ಭಾಮೈದಂದು!" ಓಬಳಪ್ಪ ಕೂಗಿದ. ಕಣ್ಣಲ್ಲಿ ನೀರು ಬಂದಿತ್ತು.

ಜಯದೇವಪ್ಪ ಬಗ್ಗಿ ನೋಡಿ ತಲೆಯಾಡಿಸಿದರು. "ಹೌದು, ನಿಮ್ಮದೇ. ನಾನು ದುಡ್ಡು ಕೊಟ್ಟ ಎಂಟುನೂರರಲ್ಲಿ ಇದೂ ಒಂದು."

ಎಲ್ಲರೂ ಮಹೇಶ್ವರಪ್ಪನವರ ಕಡೆ ನೋಡಿದರು. ಅವರು ಹೆಗಲ ಮೇಲಿನ ವಲ್ಲಿ ಸರಿ ಮಾಡಿಕೊಂಡರು. ಅದೂ ಇರಬಹುದಲ್ಲ ಎಂಬ ಹಾಗಿತ್ತು ಅವರ ಮುಖ.

"ಇನ್ನೊಂದು ತೆಗೀತೀನಿ ಧಣಿ, ಇನ್ನೂ ಹತ್ತು ತೆಗೀತೀನಿ..."

"ಎಂಟುನೂರ ಒಂದು ತೆಗೀಬೇಕಾಗ್ತೈತೆ ಓಬಳಪ್ಪ," ಜಯದೇವಪ್ಪ ಮೆತ್ತಗೆ ಹೇಳಿದರು. "ಅಷ್ಟು ತೆಗೆದ್ರೆ ಸೇತುವೆ ಇರಲ್ಲ, ನೀನು ಜೈಲಲ್ಲಿರ್ತೀಯ. ಆದ್ರೂ ಹೋಗ್ಲಿ, ಇದೊಂದು ಹೆಚ್ಚಿಗೆ ಅಂತ್ಲೇ ತಿಳ್ಕೋ." ಜುಬ್ಬಾದ ಜೇಬಿನಿಂದ ಒಂದು ರೂಪಾಯಿ ನೋಟು, ಒಂದು ನಾಲ್ಕಾಣೆ ತೆಗೆದು, ರಕ್ತ ಸುರಿಯುತ್ತಿದ್ದ ಆ ಕೈಯಲ್ಲಿ ಇಟ್ಟರು.

"ದೊಡ್ಡ ಮನಸ್ಸು ಸಾವುಕಾರ್ರದ್ದು" ಅಂದಿತು ಗುಂಪಿನೊಳಗಿಂದ ಯಾವುದೋ ದನಿ. ನ್ಯಾಯ ಮುಗಿಯಿತು. ಜೀಪು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಗುಡಿಸಲುಗಳನ್ನು ಬಿಚ್ಚಿಯಾಗಿತ್ತು. ಗಂಟು, ಪಾತ್ರೆ, ಸುತ್ತಿಗೆಗಳನ್ನು ರಸ್ತೆಯ ಬದಿಗಿಟ್ಟುಕೊಂಡು ಜನ ಬಸ್ಸಿಗೆ ಕಾದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಓಬಳಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ತಡೆಗೋಡೆಯ ಖಾಲಿ ಜಾಗದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅಜ್ಜಮ್ಮ ಗಾರೆ ಕಲಸುತ್ತಿದ್ದಳು.

ಬೀರಲಿಂಗಪ್ಪ ಹತ್ತಿರ ಬಂದ. "ಹೊರಡ್ತೀವಿ ಭಾವ. ಮುಂದಿನ ತಿಂಗಳು ಹೊನ್ನಾಳಿ ಕಡೆ ಕೆಲಸ ಐತಂತೆ, ಬೇರೆ ಮೇಸ್ತ್ರಿ ಕರೆದಾನೆ. ಎಲ್ರೂ ಅಲ್ಲಿಗೇ ಹೋಗ್ತೀವಿ."

ಓಬಳಪ್ಪ ಮುಷ್ಟಿ ಬಿಚ್ಚಿ ಒಂದೂಕಾಲು ರೂಪಾಯಿ ಮುಂದೆ ಹಿಡಿದ. "ನಿನ್ನ ಕಲ್ಲಿಂದು."

ಬೇಡ ಅನ್ನುತ್ತಾನೆ ಎಂದುಕೊಂಡಿದ್ದ. ಹೆಂಡತಿಯ ತಮ್ಮ, ಎತ್ತಿ ಆಡಿಸಿದ ಹುಡುಗ. ಬೀರಲಿಂಗಪ್ಪ ಅಕ್ಕನ ಮುಖ ನೋಡಲಿಲ್ಲ. ನೋಟನ್ನು ಮಡಚಿ, ನಾಲ್ಕಾಣೆಯನ್ನು ಅದರೊಳಗಿಟ್ಟು ಜೇಬಿಗೆ ಹಾಕಿಕೊಂಡ.

ಬಸ್ಸು ಬಂತು, ಹತ್ತು ಜನರೂ ಹತ್ತಿದರು. ಓಬಳಪ್ಪ ತ್ರಿಶೂಲವನ್ನು ಒಳಮುಖ ಮಾಡಿ ಕಲ್ಲು ಕೂರಿಸಿ, ಗಾರೆ ಒತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡ. ಬಸ್ಸು ತುಂಬಿದ ಹೊರೆಯೊಡನೆ ಸೇತುವೆಯ ಮೇಲೆ ಹಾದುಹೋಯಿತು. ಗೋಡೆ ನಡುಗೀತೆಂದು ಅವನು ಅಂಗೈಯೊತ್ತಿ ನೋಡಿದ. ಒಂದಿಷ್ಟೂ ಅಲುಗಲಿಲ್ಲ.